ಚಪ್ಪಡಿಗಳ ಕೆಳಗಿನ ಮಾರುತ್ತರ

ಡಬ್ಲಿನ್
೬ ಸೆಪ್ಟೆಂಬರ್ ೧೯೭೧

ಮಾನ್ಯ ಶ್ರೀಮತಿ ಕೀವ್ನಿಯವರಿಗೆ,

ರಾಸ್‌ಕಾಮನ್ ಕೌಂಟಿಯ ಹಳೆಯ ಕಟ್ಟಡಗಳನ್ನು ಅಳೆದು, ನಕ್ಷೆ ಬರೆದು, ಉಳಿಸತಕ್ಕವು ಯಾವುವೆಂದು ವರದಿ ಕೊಡುವ ಕೆಲಸ ನನ್ನ ಪಾಲಿಗೆ ಬಂದ ಮೇಲೆ ಎಷ್ಟೋ ಚರ್ಚುಗಳ ಬೀಗದ ಕೈಗಳು ನನ್ನ ಕೈ ಸೇರಿವೆ. ಬೀಗದ ಕೈಯ ಜೊತೆಗೆ ಚಹಾ, ಸೋಡಾ ಬ್ರೆಡ್ಡು, ಕರಂಟ್ ಹಣ್ಣಿನ ಜಾಮು ಇಷ್ಟನ್ನೂ ಕೊಟ್ಟವರು ಕ್ಲೂನ್‌ಶಾನದ ಚರ್ಚನ್ನು ನೋಡಿಕೊಳ್ಳುವ ನೀವೊಬ್ಬರೇ. ಅದಕ್ಕಾಗಿ ಕೃತಜ್ಞ.

ನಿಮ್ಮ ಚರ್ಚು ಹೊರಗಿನಿಂದ ಹುಲ್ಲಿನ ಕೊಟ್ಟಿಗೆಯಂತೆ ಕಾಣುತ್ತದೆ. ಕ್ಯಾಥೊಲಿಕರನ್ನು ಇಂಗ್ಲಿಷರ ಕಾಯಿದೆಗಳು ಹತ್ತಿಕ್ಕುತ್ತಿದ್ದ ಆ ಕಾಲದಲ್ಲಿ ಹಾಗೆ ಕಾಣಿಸುವುದೇ ಕ್ಷೇಮವಾಗಿತ್ತು. ಒಳಗೆ ಹೋದರೆ ಬೇರೆಯೇ ಮಾತು. ಬಲಿಪೀಠದ ಬಳಿ ನಿಂತು ಸಹಜ ದನಿಯಲ್ಲಿ ಆಡಿದ ಮಾತು ಮೇಲಿನ ಅಟ್ಟಣೆಯ ಕೊನೆಯ ಬೆಂಚಿಗೂ ಸ್ಪಷ್ಟವಾಗಿ ತಲುಪುತ್ತದೆ. ಇದಕ್ಕೆ ಕಾರಣ ಛಾವಣಿಯೇ, ಗೋಡೆಯೇ, ನೆಲವೇ ಎಂಬುದು ನನಗೆ ತಿಳಿಯಲಿಲ್ಲ.

ಇನ್ನೊಂದು ಪ್ರಶ್ನೆ. ಗಂಟೆಗೂಡಿನ ಕಲ್ಲೊಂದರಲ್ಲಿ ಅಂಬರಗುಬ್ಬಿಯ ಬಾಲದಂಥ ಕವಲು ಗೀಟು, ಅದರ ಅಡಿಯಲ್ಲಿ ಒಂದು ಅಡ್ಡಗೀಟು ಕೆತ್ತಿದೆ. ಕಲ್ಲುಕುಟಿಗನ ಗುರುತಿರಬೇಕು. ಯಾರದು?

ಬರುವ ವಸಂತದಲ್ಲಿ ಚಪ್ಪಡಿಗಳನ್ನೆಲ್ಲ ಕಿತ್ತು, ಬಿಸಿನೀರಿನ ಕೊಳವೆ ಹಾಸಿ, ಮೇಲೆ ಸಿಮೆಂಟು ಸುರಿಯುವುದಾಗಿ ಫಾದರ್ ಹೆಸ್ಲಿನ್ ಹೇಳಿದರು. ಆ ನೆಲದಲ್ಲಿ ವಿಶೇಷವೇನಾದರೂ ಇದ್ದರೆ ಈಗಲೇ ತಿಳಿಸಿರಿ. ಸಕಾರಣವಾದ ವರದಿಗೆ ಬಿಷಪರು ಕಿವಿಗೊಡುತ್ತಾರೆ.

ವಿಶ್ವಾಸಿ,
ಕಾನ್ಲೆತ್ ಡಾರ್ಗನ್

*

ಕ್ಲೂನ್‌ಶಾನ
೧೧ ಸೆಪ್ಟೆಂಬರ್ ೧೯೭೧

ಮಾನ್ಯ ಡಾರ್ಗನ್ ಅವರಿಗೆ,

ದೇವರ ಕೃಪೆಯಿಂದ ಇಲ್ಲಿ ಕ್ಷೇಮ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ.

ನೀವು ಕಂಡ ಗುರುತು ನನ್ನ ಯಜಮಾನರಾದ ಪ್ಯಾಕಿ ಕೀವ್ನಿಯವರದು. ಸಾವಿರದ ಒಂಬೈನೂರ ಮೂವತ್ತೆಂಟರ ವಸಂತದಲ್ಲಿ ಅವರು ಗಂಟೆಗೂಡನ್ನು ಬಿಚ್ಚಿ ಕಟ್ಟಿದರು; ಅದೇ ತಿಂಗಳುಗಳಲ್ಲಿ ಬಲಿಪೀಠದ ಮುಂದಿನ ಸಡಿಲ ಚಪ್ಪಡಿಗಳನ್ನೂ ಎತ್ತಿ ಹೊಸ ಗಾರೆಯಲ್ಲಿ ಕೂರಿಸಿದರು. ತಾವು ಮುಟ್ಟಿದ ಕೆಲಸದಲ್ಲಿ ಎಲ್ಲಿಯಾದರೂ ಒಂದು ಕಡೆ ಆ ಬಾಲವನ್ನು ಗೀಚದೆ ಅವರಿಗೆ ಸಮಾಧಾನವಿರುತ್ತಿರಲಿಲ್ಲ. ಅವರು ದೇವರ ಪಾದ ಸೇರಿ ಹನ್ನೊಂದು ವರ್ಷ.

ದನಿಯ ಕಾರಣ ಕೇಳಿದಿರಿ. ನೃತ್ಯಕ್ಕೆ ಹೆಸರಾದ ಮನೆಗಳಲ್ಲಿ ಒಲೆಯ ಮುಂದಿನ ಚಪ್ಪಡಿಯ ಕೆಳಗೆ ಕುದುರೆಯ ತಲೆಬುರುಡೆಯನ್ನು ಹೂಳುವುದು ನಮ್ಮ ಕಡೆಯ ಹಳೆಯ ವಾಡಿಕೆ. ಮೇಲೆ ಹಿಮ್ಮಡಿ ಬಿದ್ದರೆ ಕೆಳಗಿನ ಟೊಳ್ಳು ಮಿಡಿಯುತ್ತದೆ. ಚರ್ಚು ಕಟ್ಟಿದವರೂ ಅದನ್ನೇ ಮಾಡಿದರೆಂದು ಹಿರಿಯರಿಂದ ಕೇಳಿದ್ದೇನೆ. ಗುರುವಿನ ಮಾತು ಬಾಗಿಲಾಚೆ ಮಳೆಯಲ್ಲಿ ಮಂಡಿಯೂರಿದವನಿಗೂ ಕೇಳಬೇಕೆಂಬುದು ಅವರ ಆಸೆ. ನೆಲವನ್ನು ಮುಟ್ಟಕೂಡದೆನ್ನಲು ನಿಮಗೆ ಇಷ್ಟು ಕಾರಣ ಸಾಲದೆ?

ನಾನು ಫಾದರ್ ಅವರೊಂದಿಗೆ ವಾದಿಸಿ ಸೋತಿದ್ದೇನೆ.

"ಅಮ್ಮಾ, ಜನರ ಕಾಲು ಮರಗಟ್ಟುತ್ತೆ. ಚಳೀಲಿ ನಡುಗ್ತಾ ಪ್ರಾರ್ಥಿಸಿ ಅಂತ ಸ್ವಾಮಿ ಎಲ್ಲೂ ಹೇಳಿಲ್ಲ" ಎಂದರು.

"ಇನ್ನೂರು ವರ್ಷದಿಂದ ನಡುಗಿದಾರೆ ಫಾದರ್. ಅದರಿಂದ ಯಾರೂ ಸತ್ತಿಲ್ಲ" ಎಂದೆ.

"ಎಲ್ಲಾರೂ ಸತ್ತಿದಾರೆ ಅಮ್ಮಾ! ಹಿತ್ತಲಲ್ಲಿ ಸಾಲಾಗಿ ಮಲಗಿದಾರೆ ನೋಡಿ."

ಚುರುಕು ನಾಲಿಗೆಯ ಗುರುಗಳು. ಒಳ್ಳೆಯವರೂ ಹೌದು. ಆದರೆ ಈ ಊರಿಗೆ ಬಂದು ಎರಡು ಚಳಿಗಾಲವಾಯಿತಷ್ಟೆ.

ಸಂಜೆ ಬಾಗಿಲು ಹಾಕುವ ಮುನ್ನ ನಾನು ಒಬ್ಬಳೇ ಕೂತು ಜಪಸರ ಹೇಳುವ ರೂಢಿಯುಂಟು. ಆ ನೆಲ ಮಾರುತ್ತರ ಕೊಡುತ್ತದೆ. ಅದನ್ನು ಸಿಮೆಂಟಿನ ಕೆಳಗೆ ಮುಚ್ಚುವುದು ಬೇಡ. ನಿಮ್ಮಲ್ಲಿ ನಾನು ಕೇಳುವುದು ಇದೊಂದೇ.

ನಿಮ್ಮ ಹಿತೈಷಿ,
ಅಟ್ರಾಕ್ಟಾ ಕೀವ್ನಿ

*

ಡಬ್ಲಿನ್
೨೭ ಸೆಪ್ಟೆಂಬರ್ ೧೯೭೧

ಮಾನ್ಯ ಶ್ರೀಮತಿ ಕೀವ್ನಿಯವರಿಗೆ,

ನಿಮ್ಮ ಪತ್ರ ಓದಿ ನನಗಾದ ಹರ್ಷವನ್ನು ಹೇಗೆ ಹೇಳಲಿ! ಮನೆಗಳ ಒಲೆಗಲ್ಲಿನ ಕೆಳಗಿನ ತಲೆಬುರುಡೆಗಳನ್ನು ಮೂರು ಕಡೆ ಕಂಡಿದ್ದೇನೆ. ಚರ್ಚಿನ ನೆಲದಲ್ಲಿ ಅವು ಇರುವುದು ನಿಜವಾದರೆ ಅದನ್ನು ಅಲುಗಿಸುವ ಧೈರ್ಯ ಯಾರಿಗೂ ಬರುವುದಿಲ್ಲ.

ಆದರೆ ಕೇಳಿದ್ದನ್ನು ಬರೆದರೆ ವರದಿಗೆ ಬಲವಿಲ್ಲ, ಕಂಡದ್ದನ್ನು ಬರೆಯಬೇಕು. ಆದ್ದರಿಂದ ಫಾದರ್ ಹೆಸ್ಲಿನ್ ಅವರ ಒಪ್ಪಿಗೆ ಪಡೆದಿದ್ದೇನೆ. ಅಕ್ಟೋಬರ್ ಹನ್ನೆರಡರಂದು ನಿಮ್ಮ ಊರಿನ ಹ್ಯೂಬಿ ಲಾವಿನ್ ಎಂಬ ಗಾರೆಕೆಲಸದವನ ನೆರವಿನಿಂದ ಬಲಿಪೀಠದ ಮೆಟ್ಟಿಲ ಮುಂದಿನ ಚಪ್ಪಡಿಗಳನ್ನು ಮಾತ್ರ ಎತ್ತಿ, ಚಿತ್ರ ತೆಗೆದು, ಸಂಜೆಯೊಳಗೆ ಮತ್ತೆ ಕೂರಿಸುತ್ತೇವೆ. ನಿಮ್ಮ ಯಜಮಾನರು ಮೂವತ್ತೆಂಟರಲ್ಲಿ ಎತ್ತಿದ ಕಲ್ಲುಗಳೇ ಸಡಿಲವಾಗಿ ಬರುವುವೆಂದು ಹ್ಯೂಬಿಯ ಅಂದಾಜು.

ಆ ನೆಲದ ಪ್ರತಿಧ್ವನಿಗೆ ಇಷ್ಟು ಭಕ್ತಿಯುಳ್ಳ ಕೇಳುಗರು ಸಿಕ್ಕಿರುವುದು ಅದರ ಭಾಗ್ಯ. ನೀವು ಬಯಸಿದ್ದು ನೆರವೇರುತ್ತದೆ. ನಿಶ್ಚಿಂತರಾಗಿರಿ.

ವಿಶ್ವಾಸಿ,
ಕಾನ್ಲೆತ್ ಡಾರ್ಗನ್

*

ಕ್ಲೂನ್‌ಶಾನ
೩೦ ಸೆಪ್ಟೆಂಬರ್ ೧೯೭೧

ಮಾನ್ಯ ಡಾರ್ಗನ್ ಅವರಿಗೆ,

ಬೇಡ. ಕೈ ಮುಗಿದು ಕೇಳುತ್ತೇನೆ, ಚಪ್ಪಡಿ ಎತ್ತುವುದು ಬೇಡ. ಅಲ್ಲಿ ಮಲಗಿರುವುದು ಮಲಗಿರಲಿ.

ನೀವು ಪ್ರತಿಧ್ವನಿಯೆಂದು ಬರೆದಿರಿ. ನಾನು ಹಾಗೆ ಬರೆದಿರಲಿಲ್ಲ. ಪ್ರತಿಧ್ವನಿ ನಾವು ಹೇಳಿದ್ದನ್ನೇ ಹೇಳುತ್ತದೆ. ನಮ್ಮ ಜಪದ ಕ್ರಮವನ್ನು ನೀವು ಮರೆತಿದ್ದರೆ ನೆನಪಿಸುತ್ತೇನೆ. ನಡೆಸುವವರು "ನಮೋ ಮರಿಯೆ" ಎಂಬ ಮೊದಲ ಅರ್ಧವನ್ನು ಹೇಳಿ ನಿಲ್ಲುತ್ತಾರೆ. ಉಳಿದವರೆಲ್ಲ ಸೇರಿ "ಸಂತ ಮರಿಯೆ" ಎಂಬ ಎರಡನೆಯ ಅರ್ಧವನ್ನು ಹೇಳಿ ಮುಗಿಸುತ್ತಾರೆ. ಮನೆಗಳಲ್ಲಿ ಹತ್ತು ಮಣಿಗಳ ಒಂದೊಂದು ಸುತ್ತನ್ನು ಒಬ್ಬೊಬ್ಬರು ನಡೆಸುವುದು. ಐದನೆಯ ಸುತ್ತು ಮನೆಯ ಕಿರಿಯ ಮಗುವಿನದು. ನನಗೆ ಬೇರೆ ಯಾರೂ ಇಲ್ಲವಾದ್ದರಿಂದ ಐದನ್ನೂ ನಾನೇ ನಡೆಸುತ್ತೇನೆ.

ನಾನು ಮೊದಲ ಅರ್ಧ ಹೇಳಿ ನಿಲ್ಲುತ್ತೇನೆ. ನೆಲ ಎರಡನೆಯ ಅರ್ಧ ಹೇಳುತ್ತದೆ.

ಬುದ್ಧಿಭ್ರಮೆಯೆಂದು ತಿಳಿಯುವುದಾದರೆ ತಿಳಿಯಿರಿ. ಮದುವೆಯಾದ ಹೆಂಗಸು ಪಾಠ ಹೇಳಕೂಡದೆಂಬ ಕಾಯಿದೆಯಿಂದ ಮನೆಗೆ ಕಳಿಸುವವರೆಗೆ ನಾನು ನಾಲ್ಕು ವರ್ಷ ಚಿಕ್ಕ ಮಕ್ಕಳ ತರಗತಿಗೆ ಪ್ರಾರ್ಥನೆ ಕಲಿಸಿದವಳು. ಮಕ್ಕಳು ಒಟ್ಟಾಗಿ ಹೇಳುವ ದನಿ ನನಗೆ ಗೊತ್ತು. ಬಾಯಿಪಾಠ ಬಾರದ ಮಗು ಪಕ್ಕದವರ ತುಟಿ ನೋಡುತ್ತ ಅರ್ಧ ಪದ ಹಿಂದೆ ಉಳಿಯುತ್ತದೆ. ಅಂಥ ಒಂದು ದನಿ ಅಲ್ಲಿದೆ. ಮೂವತ್ತಮೂರು ವರ್ಷದಿಂದ ಅದು ಹಿಂದೆಯೇ ಉಳಿದಿದೆ.

ನೀವು ಕಾಣದೆಯೇ ಬರೆಯಿರಿ.

ಅಟ್ರಾಕ್ಟಾ ಕೀವ್ನಿ

*

ಡಬ್ಲಿನ್
೧೯ ಅಕ್ಟೋಬರ್ ೧೯೭೧

ಮಾನ್ಯ ಶ್ರೀಮತಿ ಕೀವ್ನಿಯವರಿಗೆ,

ನಿಮ್ಮ ಸೆಪ್ಟೆಂಬರಿನ ಪತ್ರ ಡಬ್ಲಿನ್ನಿಗೆ ಬರುವಷ್ಟರಲ್ಲಿ ನಾನು ಸ್ಲೈಗೋ ಕಡೆಯ ಕೆಲಸಕ್ಕೆ ಹೊರಟುಹೋಗಿದ್ದೆ. ಅದನ್ನು ಓದಿದ್ದು ನಿನ್ನೆ. ಹನ್ನೆರಡರಂದು ನೀವು ಚರ್ಚಿಗೆ ಬರದಿದ್ದುದಕ್ಕೆ ಮಂಡಿನೋವು ಕಾರಣವೆಂದು ಹ್ಯೂಬಿ ಹೇಳಿದ. ಈಗ ಗುಣವಾಗಿದೆಯೆಂದು ನಂಬುತ್ತೇನೆ.

ಕುದುರೆಯ ತಲೆಬುರುಡೆಗಳು ಇವೆ. ಚಪ್ಪಡಿಗಳನ್ನು ಹಿಂದಿದ್ದಂತೆಯೇ ಸುಣ್ಣದ ಗಾರೆಯಲ್ಲಿ ಕೂರಿಸಲಾಗಿದೆ. ಈ ನೆಲವನ್ನು ಯಾವ ಕಾರಣಕ್ಕೂ ಕೀಳಕೂಡದೆಂದು ವರದಿಯಲ್ಲಿ ಬರೆದಿದ್ದೇನೆ. ಚಿತ್ರಗಳು ಸರಿಯಾಗಿ ಬರಲಿಲ್ಲ.

ನನ್ನ ಅಳತೆಪಟ್ಟಿ ಮೆಟ್ಟಿಲ ಬಳಿ ಉಳಿದುಹೋಗಿದೆ. ಕಳಿಸುವ ತೊಂದರೆ ತೆಗೆದುಕೊಳ್ಳಬೇಡಿ. ಬೇರೆ ಕೊಂಡಿದ್ದೇನೆ.

ಒಂದು ಸಣ್ಣ ಪ್ರಶ್ನೆ. ಸಂಜೆಯ ಹೊತ್ತು ಊರಿನ ಮಕ್ಕಳು ಯಾರಾದರೂ ಚರ್ಚಿನೊಳಗೆ ಆಡಲು ಬರುವುದುಂಟೆ?

ಕಾನ್ಲೆತ್ ಡಾರ್ಗನ್

*

ಕ್ಲೂನ್‌ಶಾನ
೨ ನವೆಂಬರ್ ೧೯೭೧, ಸಕಲ ಮೃತರ ಸ್ಮರಣೆಯ ದಿನ

ಮಾನ್ಯ ಡಾರ್ಗನ್ ಅವರಿಗೆ,

ಇಲ್ಲ. ಮಕ್ಕಳು ಬರುವುದಿಲ್ಲ. ಸೂರ್ಯ ಇಳಿದ ಮೇಲೆ ಈ ಊರಿನ ಮಕ್ಕಳು ಆ ಬಾಗಿಲ ಹತ್ತಿರವೂ ಸುಳಿಯುವುದಿಲ್ಲ.

ನೀವು ನಮ್ಮ ಕಿಟಕಿಯ ಗಾಜುಗಳನ್ನು ಎಣಿಸಿದವರು. ಅಟ್ಟಣೆಯ ಮೊಳೆಗಳನ್ನು ಎಣಿಸಿದಿರಿ. ನಾನು ಚಹಾ ಹಿಡಿದು ನಿಂತೇ ಇದ್ದೆ. ಅಂಥವರು ತಲೆಬುರುಡೆಗಳು ಎಷ್ಟೆಂದು ಬರೆಯಲಿಲ್ಲ. ಅದನ್ನು ಓದಿದಾಗಲೇ ನೀವು ಬೇರೇನನ್ನೋ ಕಂಡಿರೆಂದು ನನಗೆ ತಿಳಿಯಿತು.

ಹ್ಯೂಬಿಯನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿದೆ.

"ಏನು ಕಂಡೆ ಹ್ಯೂಬಿ?"

"ಕುದುರೆ, ಟೀಚರಮ್ಮ."

"ಮತ್ತೆ?"

"ಮತ್ತೇನಿರತ್ತೆ? ಕುದುರೇನೇ. ಹಲ್ಲು ಬಾಳ ದೊಡ್ಡವು."

"ನನ್ನ ಮುಖ ನೋಡಿ ಹೇಳೋ. ಸುಳ್ಳು ಹೇಳೋವಾಗ ನೀನು ಟೋಪಿ ತಿರುಗಿಸ್ತೀಯ. ಆರು ವರ್ಷದವನಿದ್ದಾಗಿಂದ ನೋಡ್ತಿದೀನಿ."

"ಟೋಪಿ ಒದ್ದೆ ಆಗಿದೆ ಟೀಚರಮ್ಮ, ಒಣಗಿಸ್ತಿದೀನಿ" ಎಂದವನೇ ಹೊರಟುಬಿಟ್ಟ. ಅಂದಿನಿಂದ ಅವನು ಬಲಿಪೂಜೆಗೆ ಬಂದರೆ ಬೂಟನ್ನು ಬಾಗಿಲಲ್ಲೇ ಬಿಚ್ಚಿ, ಕಾಲ್ಚೀಲದಲ್ಲಿ ಗೋಡೆಯ ಅಂಚು ಹಿಡಿದು ನಡೆಯುತ್ತಾನೆ. ಜನ ನಗುತ್ತಾರೆ. ನನಗೆ ನಗು ಬರಲಿಲ್ಲ.

ಇನ್ನು ನಾನು ಮುಚ್ಚಿಟ್ಟದ್ದನ್ನು ಹೇಳಬೇಕು. ಮೂವತ್ತೆಂಟರ ಏಪ್ರಿಲ್‌ನಲ್ಲಿ ನನಗೊಂದು ಹೆಣ್ಣು ಮಗುವಾಯಿತು. ಯಾರಾದರೂ ನೀರು ತಂದು ಹಣೆಗೆ ಸುರಿಯುವಷ್ಟರಲ್ಲಿ ಉಸಿರು ನಿಂತಿತ್ತು. ಜ್ಞಾನಸ್ನಾನವಿಲ್ಲದೆ ಹೋದ ಕೂಸಿಗೆ ಚರ್ಚಿನ ಪವಿತ್ರ ನೆಲದಲ್ಲಿ ಜಾಗವಿರಲಿಲ್ಲ. ಅಂಥವನ್ನು ಊರ ಗಡಿಯಲ್ಲಿ, ಹಾಥಾರ್ನ್ ಮುಳ್ಳುಮರದ ಕೆಳಗಿನ ಕಲ್ಲುಹೊಲದಲ್ಲಿ ಹೂಳುವುದು ಪದ್ಧತಿ. ತಂದೆ ಒಬ್ಬನೇ ಹೊತ್ತುಕೊಂಡು ಹೋಗಬೇಕು. ತಾಯಿ ಹೋಗಕೂಡದು, ಎಲ್ಲಿಟ್ಟೆ ಎಂದು ಕೇಳಲೂಕೂಡದು.

ಪ್ಯಾಕಿ ಚರ್ಚಿನ ಮೇಣದ ಬತ್ತಿಯ ಖಾಲಿ ಪೆಟ್ಟಿಗೆ ತಂದರು. ಅದರಲ್ಲಿ ನನ್ನ ಮದುವೆಯ ಶಾಲನ್ನು ಹಾಸಿದೆ. ಅವರು ಹೋದರು. ತಿರುಗಿ ಬಂದಾಗ ಅವರ ಕೈಯಲ್ಲಿ ಮಣ್ಣಿರಲಿಲ್ಲ. ಹಸಿ ಗಾರೆ ಇತ್ತು. ಕಲ್ಲುಹೊಲದಲ್ಲಿ ಗಾರೆ ಎಲ್ಲಿಂದ ಬರಬೇಕು?

ನಾನು ಪದ್ಧತಿ ಮೀರಿ ಕೇಳಿಬಿಟ್ಟೆ. "ಅವಳ ಮೇಲೆ ಮಳೆ ಬೀಳಲ್ಲ ಅಟ್ರಾಕ್ಟಾ. ಇನ್ನು ಕೇಳ್ಬೇಡ" ಎಂದರು. ಸಾಯುವವರೆಗೆ ಅದೇ ಉತ್ತರ. ನೆಲ ಕೀಳುವರೆಂಬ ಸುದ್ದಿ ಬಂದ ದಿನದಿಂದ ನನಗೆ ಊಟ ರುಚಿಸುತ್ತಿಲ್ಲ. ಅವಳು ಅಲ್ಲಿದ್ದರೆ ಮತ್ತೊಮ್ಮೆ ಹೊರಗೆ ಹಾಕುತ್ತಾರೆ.

ನನಗೆ ಮಂಡಿನೋವು ಇರಲಿಲ್ಲ. ಹನ್ನೆರಡರಂದು ಇಡೀ ದಿನ ಬಲಿಪೀಠದ ಹಿಂಗೋಡೆಯ ಆಚೆ, ಹೊರಗೆ, ಕಲ್ಲಿಗೆ ಕಿವಿಯಿಟ್ಟು ನಿಂತಿದ್ದೆ. ಒಳಗೆ ಬರುವ ಧೈರ್ಯವಾಗಲಿಲ್ಲ.

ಮೇಣದ ಬತ್ತಿಯ ಪೆಟ್ಟಿಗೆಯೊಂದು ಅಲ್ಲಿತ್ತೆ? ಇರಲಿಲ್ಲವಾದರೆ ಇರಲಿಲ್ಲವೆಂದೇ ಬರೆಯಿರಿ. ನಾನು ಆ ಹೊಲಕ್ಕೆ ಹೋಗಿ ಹುಡುಕುತ್ತೇನೆ.

ಅಟ್ರಾಕ್ಟಾ ಕೀವ್ನಿ

*

ಡಬ್ಲಿನ್
೨೪ ನವೆಂಬರ್ ೧೯೭೧

ಪ್ರಿಯ ಶ್ರೀಮತಿ ಕೀವ್ನಿಯವರಿಗೆ,

ಮೂರು ಸಲ ಬರೆದು ಹರಿದೆ. ತಡವಾದುದನ್ನು ಕ್ಷಮಿಸಿ.

ಇತ್ತು.

ನಾನು ಎಣಿಸಲು ತೊಡಗಿದ್ದು ಕುದುರೆಯ ತಲೆಗಳನ್ನೇ. ಎಲ್ಲವೂ ಬಲಿಪೀಠದ ಕಡೆಗೆ ಮುಖ ಮಾಡಿ ಸಾಲಾಗಿ ಕೂತಿದ್ದವು. ಅವುಗಳ ನಡುನಡುವೆ, ಕುರಿಗಳ ನಡುವೆ ಮರಿಗಳು ಒತ್ತಿಕೊಂಡಂತೆ, ಬೇರೆ ವಸ್ತುಗಳಿದ್ದವು. ಬೆಣ್ಣೆಯ ಡಬ್ಬ. ಬೀರುವಿನ ಒಂದು ಖಾನೆ. ನಾರಿನಲ್ಲಿ ಹೆಣೆದ ಬುಟ್ಟಿ. ಹೆಚ್ಚಿನವು ಬಹಳ ಹಳೆಯವು. ಒಂದೇ ಕೈ, ಒಂದೇ ತಲೆಮಾರು ಇಟ್ಟವಲ್ಲ. ನಿಮ್ಮ ಊರಿನಲ್ಲಿ ಚಪ್ಪಡಿ ಸರಿಮಾಡಿದ ಗಾರೆಯವರೆಲ್ಲ, ಒಬ್ಬರಿಗೊಬ್ಬರು ಹೇಳದೆ, ಇದನ್ನೇ ಮಾಡುತ್ತ ಬಂದಿದ್ದಾರೆ. ಏನೆಂದು ಅರಿವಾದೊಡನೆ ಎಣಿಕೆ ನಿಲ್ಲಿಸಿದೆ.

ಮೆಟ್ಟಿಲಿಗೆ ತೀರ ಹತ್ತಿರ, ಎಲ್ಲಕ್ಕಿಂತ ಮುಂದೆ, ಮೇಣದ ಬತ್ತಿಯ ಪೆಟ್ಟಿಗೆ. ಮುಚ್ಚಳದ ಸುತ್ತ ಗಾರೆ ಮೆತ್ತಿ ನೀರು ಹೋಗದಂತೆ ಮುಚ್ಚಿದೆ. ಗಾರೆ ಹಸಿಯಿರುವಾಗ ಮೊಳೆಯಿಂದ ಗೀಚಿದ ಗುರುತಿದೆ: ಅಂಬರಗುಬ್ಬಿಯ ಬಾಲ, ಅಡಿಯಲ್ಲಿ ಅಡ್ಡಗೀಟು. ಹ್ಯೂಬಿ ಅದನ್ನು ನೋಡಿ ಟೋಪಿ ತೆಗೆದು, "ಪ್ಯಾಕಿ ಕೆಲಸ. ಮುಚ್ಚಿಬಿಡೋಣ ಸಾರ್, ಗಾಳಿ ಹೋಗತ್ತೆ" ಎಂದ. ನಾವು ಅದನ್ನು ತೆರೆಯಲಿಲ್ಲ. ಯಾವುದನ್ನೂ ತೆರೆಯಲಿಲ್ಲ.

ಗಾರೆಗೆ ನೀರು ಸಾಲದೆಂದು ಹ್ಯೂಬಿ ಹೊರಗೆ ಹೋದ. ನಾನು ದೇವರನ್ನು ನಂಬುವವನಲ್ಲ. ಆದರೂ ಅಷ್ಟು ಪೆಟ್ಟಿಗೆಗಳ ಮುಂದೆ ಸುಮ್ಮನೆ ನಿಲ್ಲುವುದು ಅಸಭ್ಯವೆನಿಸಿತು. ಅಜ್ಜಿ ಕಲಿಸಿದ್ದ "ನಮೋ ಮರಿಯೆ" ಹೇಳತೊಡಗಿದೆ. ಮೊದಲ ಅರ್ಧ ಮುಗಿಯಿತು. ಮುಂದಿನದು ನೆನಪಿಗೆ ಬರಲಿಲ್ಲ.

ಮುಂದಿನದು ಬಂತು. ಕಿವಿಯಿಂದಲ್ಲ, ಅಂಗಾಲಿನಿಂದ ಮೇಲಕ್ಕೆ ಬಂತು. ತುಂಬ ಸಣ್ಣ ದನಿಗಳು. ಎಲ್ಲ ನಿಂತ ಮೇಲೆ ಒಂದು ದನಿ, ನನ್ನ ಬೂಟಿನ ತುದಿಯ ಹತ್ತಿರ, "ಆಮೆನ್" ಎಂದಿತು. ಆಗ ನಾನು ನಿಮ್ಮ ಪತ್ರವನ್ನು ಓದಿರಲಿಲ್ಲ ಎಂಬುದನ್ನು ದಯವಿಟ್ಟು ನೆನಪಿಡಿ.

ಹೊರಗೆ ಫಾದರ್ ಹೆಸ್ಲಿನ್ ಸಿಕ್ಕರು. "ಏನಿದೆ ಕೆಳಗೆ?" ಎಂದರು. "ಕುದುರೆಗಳು" ಎಂದೆ. "ಕುದುರೆ ನೋಡಿ ಮುಖ ಹೀಗಾಗತ್ತೇನ್ರೀ? ರೇಸಿನಲ್ಲಿ ದುಡ್ಡು ಕಳ್ಕೊಂಡವರದ್ದು ಮಾತ್ರ ಹಾಗಾಗೋದು" ಎಂದು ನಕ್ಕರು. ನನ್ನಿಂದ ನಗಲಾಗಲಿಲ್ಲವಾಗಿ ಅವರೂ ನಿಲ್ಲಿಸಿದರು.

ವರದಿಯಲ್ಲಿ ಕುದುರೆಗಳು ಮಾತ್ರ ಇವೆ. ಬರೆದದ್ದೆಲ್ಲ ನಿಜ, ನಿಜವೆಲ್ಲವನ್ನೂ ಬರೆದಿಲ್ಲ. ಫಾದರ್ ಅವರಿಗೆ ಹೇಳುವುದೋ ಬಿಡುವುದೋ ನಿಮಗೆ ಬಿಟ್ಟದ್ದು.

ನಿಮ್ಮ,
ಕಾನ್ಲೆತ್ ಡಾರ್ಗನ್

*

ಕ್ಲೂನ್‌ಶಾನ
೧ ಫೆಬ್ರವರಿ ೧೯೭೨, ಸಂತ ಬ್ರಿಜಿಡರ ಹಬ್ಬ

ಪ್ರಿಯ ಡಾರ್ಗನ್ ಅವರಿಗೆ,

ನಿಮ್ಮ ಪತ್ರ ಬಂದ ದಿನ ಅದನ್ನು ಎದೆಯ ಮೇಲಿಟ್ಟುಕೊಂಡು ಕೂತೆ. ಉತ್ತರಿಸಲು ಇಷ್ಟು ಕಾಲ ಹಿಡಿಯಿತು. ಅಳತೆಪಟ್ಟಿಯನ್ನು ಇದರೊಂದಿಗೆ ಕಟ್ಟಿ ಕಳಿಸಿದ್ದೇನೆ. ಒಳ್ಳೆಯ ಪಟ್ಟಿ, ಬಿಡಬಾರದು.

ವರದಿ ತನ್ನ ಕೆಲಸ ಮಾಡಿತು. ಬಿಸಿನೀರಿನ ಕೊಳವೆಗಳನ್ನು ಗೋಡೆಯ ಗುಂಟ ಹಾಕುವುದೆಂದು ಬಿಷಪರ ಅಪ್ಪಣೆ ಬಂದಿದೆ. ನೆಲ ಇದ್ದಂತೆ ಇರುತ್ತದೆ.

ನಾನು ಫಾದರ್ ಅವರಿಗೆ ಏನೂ ಹೇಳಿರಲಿಲ್ಲ. ಕಳೆದ ವಾರ ಅವರೇ ಮನೆಗೆ ಬಂದರು. ಚಹಾ ಮುಟ್ಟಲಿಲ್ಲ.

"ಅಮ್ಮಾ, ವಾರದ ದಿನ ಬೆಳಗಿನ ಪೂಜೆಗೆ ಎಷ್ಟು ಜನ ಬರ್ತೀರಿ?"

"ನಾನು, ಹ್ಯೂಬಿ, ಅಂಚೆಯವನ ಹೆಂಡತಿ."

"ನಾನು ಪ್ರಾರ್ಥನೆ ಹೇಳಿದಾಗ ಉತ್ತರ ಕೊಡೋರು ಮೂವರಲ್ಲ" ಎಂದರು. ಕುರ್ಚಿಯನ್ನು ಒಲೆಯ ಹತ್ತಿರಕ್ಕೆ ಎಳೆದುಕೊಂಡರು. "ಕುದುರೆ ಲಾಯದಲ್ಲಿ ಬೆಳೆದವನು ನಾನು. ಕುದುರೆ ಸದ್ದು ನಂಗೆ ಗೊತ್ತು, ಇದು ಮಕ್ಕಳ ದನಿ. ನಿಮ್ಮದು ಯಾವುದು ಅಮ್ಮಾ?"

ಹೇಳಿದೆ. ಪದ್ಧತಿಯನ್ನು, ಪೆಟ್ಟಿಗೆಯನ್ನು, ಗಾರೆ ಮೆತ್ತಿದ ಕೈಯನ್ನು. ಅವರು ಗದರಲಿಲ್ಲ. ಹೊರಗೆ ಹಾಕುವ ಮಾತಾಡಲಿಲ್ಲ. "ಹೆಸರು ಏನಿಟ್ಟಿದ್ರಿ?" ಎಂದು ಮಾತ್ರ ಕೇಳಿದರು. ಮೂವತ್ತಮೂರು ವರ್ಷ ಯಾರ ಮುಂದೆಯೂ ಆಡದ ಹೆಸರನ್ನು ಬಾಯಿಬಿಟ್ಟು ಹೇಳಿದೆ: "ಈಟಾ." ಶಿಶುಗಳನ್ನು ಸಾಕಿದ ಸಂತಳ ಹೆಸರು ಅದು.

"ಉಳಿದವರದು?"

"ಅವರ ಅಮ್ಮಂದಿರಿಗೆ ಗೊತ್ತಿತ್ತು ಫಾದರ್."

"ಹಾಗಾದ್ರೆ ದೇವರಿಗೂ ಗೊತ್ತಿರತ್ತೆ" ಎಂದು ಎದ್ದರು.

ಇಂದು ಪೂಜೆ ಮುಗಿದ ಮೇಲೆ ಉತ್ತರೀಯ ಧರಿಸಿ, ಬೂಟು ಬಿಚ್ಚಿ, ಚಪ್ಪಡಿ ಚಪ್ಪಡಿಗೂ ತೀರ್ಥ ಎರಚುತ್ತ ನಡೆದರು. ಹ್ಯೂಬಿ ನೀರಿನ ಪಾತ್ರೆ ಹಿಡಿದಿದ್ದ. ಮೆಟ್ಟಿಲ ಮುಂದಿನ ಕಲ್ಲಿನ ಮೇಲೆ ನಿಂತು ಹೆಸರು ಹಿಡಿದು ಆಶೀರ್ವದಿಸಿದರು. ಎರಚಿದ ನೀರು ಹನಿಯಾಗಿ ನಿಲ್ಲಲಿಲ್ಲ. ಬಾಯಾರಿದವರು ಕುಡಿದಂತೆ ಕಲ್ಲು ಕುಡಿಯಿತು.

ಸಂಜೆ ಎಂದಿನಂತೆ ನಾನೊಬ್ಬಳೇ ಕೂತೆ. ಮೊದಲ ಸುತ್ತು ಹೇಳಿದೆ. ಉತ್ತರವಿಲ್ಲ. ಎರಡನೆಯ ಅರ್ಧವನ್ನು ನಾನೇ ಹೇಳಿಕೊಳ್ಳಬೇಕಾಯಿತು. ಎರಡು, ಮೂರು, ನಾಲ್ಕು ಸುತ್ತುಗಳೂ ಹಾಗೆಯೇ ಮುಗಿದವು. ಎಲ್ಲರೂ ಹೋದರು, ಹೋಗಬೇಕಾದಲ್ಲಿಗೇ ಹೋದರು ಎಂದು ಸಂತೋಷಪಡಬೇಕಾದವಳು ಮಣಿ ಹಿಡಿದು ಅಳುತ್ತ ಕೂತೆ. ಐದನೆಯ ಸುತ್ತು ತೊಡಗಲು ದನಿ ಏಳಲಿಲ್ಲ.

ಆಗ ಮೆಟ್ಟಿಲ ಮುಂದಿನ ಕಲ್ಲಿನ ಕೆಳಗಿನಿಂದ ಮೊದಲ ಅರ್ಧ ಬಂತು. ಒಂದೇ ದನಿ. ಯಾರ ತುಟಿಯನ್ನೂ ನೋಡದೆ, ಎಲ್ಲಿಯೂ ತಡವರಿಸದೆ, ಕಿರಿಯ ಮಗು ತನ್ನ ಸರದಿಯನ್ನು ನಡೆಸುವಂತೆ ಹೇಳಿ, ನಿಂತು, ಕಾಯಿತು.

ಎರಡನೆಯ ಅರ್ಧವನ್ನು ನಾನು ಹೇಳಿದೆ. ಹತ್ತು ಮಣಿಗೂ ಹೇಳಿದೆ. ಅರ್ಧ ಪದ ಹಿಂದೆ ಉಳಿದವಳು ಈ ಸಲ ನಾನು.

ಅಟ್ರಾಕ್ಟಾ ಕೀವ್ನಿ